ಬ್ಲೇಡಿಗೆ ಓರೆಯೂ ಬೇಕು, ಪಿನ್ನಿಗೆ ದೂರವೂ ಬೇಕು

ಟ್ರ್ಯಾಕ್ಟರಿನ ಹಿಂದೆ ಜೋಡಿಸುವ ಮಣ್ಣಿನ ಬ್ಲೇಡು ಎಡಬಲಕ್ಕೆ ತಿರುಗಿದರೆ ಸಾಕು, ಒಂದು ತುದಿ ತಗ್ಗಿ ಇನ್ನೊಂದು ಏರುವಂತೆ ಅದನ್ನು ಓರೆ ಮಾಡುವ ಏರ್ಪಾಡು ಸಣ್ಣ ಕೃಷಿಕರಿಗೆ ಅನಗತ್ಯ ವೆಚ್ಚ ಎಂಬ, ಬ್ಲೇಡಿನ ನಕ್ಷೆ ಸಹಿತ ಲೇಖನ ಬರೆದ ಲೇಖಕರ ಅಭಿಪ್ರಾಯವನ್ನು, ಬದಿಯಡ್ಕದ ಕಡೆಯ ಗುಡ್ಡೆಗಳಲ್ಲಿ ತೋಟದ ದಾರಿ ಮಾಡಿಕೊಂಡ ನಾನು ಒಪ್ಪಲಾರೆ. ಕಾಸರಗೋಡಿನ ಮಳೆಗಾಲವನ್ನು ದಾರಿ ತಾಳಿಕೊಳ್ಳಬೇಕಾದರೆ ಅದು ಗುಡ್ಡೆಯ ಬದಿಗೆ ತುಸು ವಾಲಿರಬೇಕು, ನೀರು ಒಳಗಿನ ಕಣಿಗೆ (ಚರಂಡಿಗೆ) ಇಳಿಯಬೇಕು. ಆ ವಾಟವನ್ನು ಕೊಡುವುದು ಬ್ಲೇಡಿನ ಓರೆಯೇ. ಹಿಂದಿನ ಉಪಕರಣವನ್ನು ಎತ್ತುವ ಟ್ರ್ಯಾಕ್ಟರಿನ ಬಲಗಡೆಯ ಲಿಫ್ಟ್ ರಾಡಿನ ತಿರುಪನ್ನು ತಿರುಗಿಸಿಯೂ ಸ್ವಲ್ಪ ಓರೆ ಪಡೆಯಬಹುದು, ಆದರೆ ಅದರ ಮಿತಿ ಬೇಗ ಮುಗಿಯುತ್ತದೆ.

ವಿನ್ಯಾಸದಲ್ಲಿ ನನಗೆ ಹೆಚ್ಚು ಕಳವಳ ತಂದದ್ದು, ತಟ್ಟೆಯ ತೂತಿಗೆ ಸಿಕ್ಕಿಸಿ ಬ್ಲೇಡನ್ನು ತಿರುಗಿಸಿದ ಕೋನದಲ್ಲೇ ನಿಲ್ಲಿಸುವ ಪಿನ್ನು. ತಿರುಗುವ ತಟ್ಟೆಯ ತೂತುಗಳು ಕೇಂದ್ರದಿಂದ 200 ಮಿ.ಮೀ. ದೂರದಲ್ಲಿದ್ದು, ಬ್ಲೇಡಿನ ತುದಿ 900 ಮಿ.ಮೀ. ದೂರದಲ್ಲಿದ್ದರೆ, ತುದಿಯು ಮುರಕಲ್ಲಿಗೆ ನೇರವಾಗಿ ಬಡಿದಾಗ ಆ ಬಲದ ನಾಲ್ಕೂವರೆ ಪಟ್ಟು ಪಿನ್ನಿನ ಮೇಲೆ ಬೀಳುತ್ತದೆ. ನನ್ನ ಬ್ಲೇಡಿನಲ್ಲಿ ಎರಡೇ ವರ್ಷಗಳಲ್ಲಿ ದುಂಡಗಿನ ತೂತು ಮೊಟ್ಟೆಯಾಕಾರಕ್ಕೆ ತಿರುಗಿ, ಬ್ಲೇಡು ಅದುರತೊಡಗಿ, ಸಮ ಮಾಡಿದ ನೆಲದಲ್ಲೆಲ್ಲ ಅಲೆಗಳು ಮೂಡಿದವು. ತೂತುಗಳನ್ನು 360 ಮಿ.ಮೀ. ದೂರಕ್ಕೆ ಒಯ್ದರೆ ಅದೇ ಹೊಡೆತ ಎರಡೂವರೆ ಪಟ್ಟಿಗೆ ಇಳಿಯುತ್ತದೆ. ದೊಡ್ಡ ತಟ್ಟೆಗೆ ತಗಲುವ ಹೆಚ್ಚುವರಿ ಉಕ್ಕು ಖಂಡಿತ ದಂಡವಲ್ಲ. ಜೊತೆಗೆ, ಹೊಡೆತ ಮಿತಿ ಮೀರಿದಾಗ ತಾನೇ ತುಂಡಾಗಿ ಉಳಿದುದನ್ನು ಕಾಯುವ ಮೆದು ಬೋಲ್ಟೊಂದನ್ನು ಲೇಖಕರು ತಮ್ಮ ನಕ್ಷೆಯಲ್ಲಿ ದಯವಿಟ್ಟು ಸೇರಿಸಬೇಕು.