ಜನಿವಾರದಲ್ಲಿ ಬೀಗದ ಕೈ

ಅಮೆರಿಕದಲ್ಲಿ ರೈಲಲ್ಲಿ ಹೋಗೋಣ ಅಂದಿದ್ದು ನಾನಲ್ಲ, ಅಪ್ಪ. ಷಿಕಾಗೋದಿಂದ ಸ್ಯಾನ್ ಫ್ರಾನ್ಸಿಸ್ಕೋ ಕಡೆ ಇರೋ ತಂಗಿ ಮನೆಗೆ ಪ್ಲೇನಲ್ಲಿ ನಾಲ್ಕೂವರೆ ಗಂಟೆ, ರೈಲಲ್ಲಿ ಎರಡು ರಾತ್ರಿ ಮೂರು ಹಗಲು, ಸುಮಾರು 2,400 ಮೈಲಿ, ಅದೂ ಎಲ್ಲಾ ಸರಿಯಾಗಿ ನಡೆದ್ರೆ. ನಾನು ಬೇಡ ಅಂದೆ. ಅರಸೀಕೆರೆ ಜಂಕ್ಷನ್ನಲ್ಲಿ ಅರ್ಧ ಆಯುಷ್ಯ ಕಳೆದ ಮನುಷ್ಯನಿಗೆ ಬೇಡ ಅಂದ್ರೆ ಕೇಳುತ್ತಾ, "ರೈಲು ಯಾವ ದೇಶದಲ್ಲಾದ್ರೇನು, ಎರಡು ಕಂಬಿ ತಾನೇ" ಅಂದುಬಿಟ್ರು.

ಟಿಕೆಟ್ ತೋರಿಸ್ದಾಗ ಮೊದಲನೇ ತಕರಾರು. "ಬರ್ತ್ ನಂಬರ್ ಎಲ್ಲಿ?" ಬರ್ತ್ ಇಲ್ಲ ಅಪ್ಪ, ಮಲಗೋ ರೂಮಿನ ರೇಟು ಪ್ಲೇನ್ ಟಿಕೆಟನ್ನೇ ನಾಚಿಸ್ತಿತ್ತು ಅದಕ್ಕೆ ಸೀಟೇ ತಗೊಂಡಿದೀನಿ ಅಂದೆ. "ಸರಿ, ಸೀಟ್ ನಂಬರ್?" ಅದೂ ಇಲ್ಲ, ಹತ್ತೋವಾಗ ಅವರೇ ಕೂರಿಸ್ತಾರೆ. ಅಪ್ಪ ಕನ್ನಡಕ ತೆಗೆದು ನನ್ನ ಮುಖ ನೋಡಿದ್ರು. "ಅಂದ್ರೆ ಆರ್‌ಎಸಿ ತಗೊಂಡಿದೀಯ."

ಷಿಕಾಗೋ ಯೂನಿಯನ್ ಸ್ಟೇಷನ್ನಿನ ಆ ದೊಡ್ಡ ಹಾಲು, ಗಾಜಿನ ಛಾವಣಿ, ಮರದ ಉದ್ದುದ್ದ ಬೆಂಚು ನೋಡಿ ಅಮ್ಮ "ಛತ್ರ ಚೆನ್ನಾಗಿದೆ" ಅಂದ್ರು. ಮಧ್ಯಾಹ್ನ ಎರಡಕ್ಕೆ ರೈಲು ಸರಿಯಾಗೇ ಹೊರಡ್ತು. ಎರಡು ಅಂತಸ್ತಿನ ಬೋಗಿ, ಸೀಟು ಮೇಲ್ಗಡೆ, ಸಾಮಾನು ಕೆಳಗಡೆ ಬಾಗಿಲ ಪಕ್ಕದ ರ‍್ಯಾಕಲ್ಲಿ. ಸೀಟು ಮಾತ್ರ ನಮ್ಮ ರಾಜಹಂಸಕ್ಕಿಂತ ದೊಡ್ಡದು, ಕಾಲಿಗೆ ಹಲಗೆ ಬೇರೆ. ಕಂಡಕ್ಟರ್ ಬಂದು ನಾವು ಇಳಿಯೋ ಊರಿನ ಗುರುತು ಬರೆದ ಒಂದು ಚೀಟಿನ ತಲೆ ಮೇಲೆ ಸಿಕ್ಕಿಸಿ ಹೋದ, ಅದೇ ನಮ್ಮ ರಿಸರ್ವೇಷನ್. ಚೀಟಿ ಮೇಲೆ ಅಪ್ಪನಿಗೆ ನಂಬಿಕೆ ಬರ್ಲಿಲ್ಲ, ಬಾತ್ರೂಮಿಗೆ ಹೋಗೋವಾಗಲೆಲ್ಲಾ ಸೀಟಿಗೆ ಟವೆಲ್ ಹಾಕಿ ಹೋಗ್ತಿದ್ರು.

ಅಯೋವದಲ್ಲಿ ಮೊದಲ ಸಲ ದಾರಿ ಮಧ್ಯೆ ನಿಂತ್ವಿ. ಊರಿಲ್ಲ ಕೇರಿಯಿಲ್ಲ, ಎರಡೂ ಕಡೆ ಮುಸುಕಿನ ಜೋಳದ ಹೊಲ. ಕಂಡಕ್ಟರ್ ಮೈಕಲ್ಲಿ, ಗೂಡ್ಸ್ ಗಾಡಿಗೆ ದಾರಿ ಬಿಡ್ತಿದೀವಿ ಅಂದ. ಅಪ್ಪನಿಗೆ ಇದು ವೈಯಕ್ತಿಕ ಅವಮಾನ. ಮನುಷ್ಯರು ಕಾದು ಕಲ್ಲಿದ್ದಲು ಮುಂದೆ ಹೋಗೋದು ಅಂದ್ರೆ ಏನು? ನಾನು ವಿವರಿಸ್ದೆ, ಇಲ್ಲಿ ಹಳಿಗಳೆಲ್ಲಾ ಹೆಚ್ಚುಕಡಿಮೆ ಗೂಡ್ಸ್ ಕಂಪನಿಗಳದ್ದು, ಪ್ಯಾಸೆಂಜರ್ ಗಾಡಿ ಬಾಡಿಗೆಗೆ ಓಡೋದು, ಪ್ಯಾಸೆಂಜರಿಗೆ ಮೊದಲು ದಾರಿ ಬಿಡಬೇಕು ಅಂತ 1973ರಿಂದ ಕಾನೂನೇ ಇದೆ, ಆದ್ರೆ ಗೂಡ್ಸ್ ಎಷ್ಟು ಉದ್ದ ಅಂದ್ರೆ ಬಹಳಷ್ಟು ಕಡೆ ಪಕ್ಕಕ್ಕೆ ಸರಿದು ನಿಲ್ಲೋ ಲೂಪ್ ಲೈನಲ್ಲಿ ಹಿಡಿಸೋದೇ ಇಲ್ಲ, ಅದಕ್ಕೆ ಗಿಡ್ಡ ಇರೋ ನಾವೇ ಪಕ್ಕಕ್ಕೆ ಸರೀಬೇಕು. "ಬಾಡಿಗೆದಾರ ಅಂದ್ಮೇಲೆ ಇನ್ನೇನು" ಅಂತ ಅಪ್ಪ ತಣ್ಣಗಾಗಿ ಡಬ್ಬಿ ಎಣಿಸಕ್ಕೆ ಕೂತ್ರು. 132 ಆಯ್ತು. ಮಧ್ಯೆ ಅಮ್ಮ "ಕಾಫಿ ಬೇಕಾ" ಅಂತ ಕೇಳಿದ್ದಕ್ಕೆ ಲೆಕ್ಕ ತಪ್ಪಿರಬಹುದು ಅಂತಾನೂ ನೋಟ್ ಬುಕ್ಕಲ್ಲಿ ಬರ್ಕೊಂಡ್ರು. ಹೌದು, ನೋಟ್ ಬುಕ್ ಇತ್ತು. ಎಡಗೈಯಲ್ಲಿ 1984ರ ಎಚ್‌ಎಂಟಿ, ಬಲಗೈಯಲ್ಲಿ ಪೆನ್ನು, ಪ್ರತಿ ಸ್ಟೇಷನ್ನಿಗೂ ಬರಬೇಕಾದ ಟೈಮು, ಬಂದ ಟೈಮು, ಷರಾ.

ರಾತ್ರಿ ಒಂದು ಗಂಟೆ ಇರಬೇಕು, ಒಮಾಹ. ಯಾರೋ ಭುಜ ಅಲ್ಲಾಡಿಸಿದ್ರು. ಕಂಡಕ್ಟರ್ರು, ಹಿಂದೆ ಕೌಬಾಯ್ ಟೋಪಿಯ ಆರೂವರೆ ಅಡಿ ಆಸಾಮಿ. ಆ ಯಪ್ಪ ಇಲ್ಲಿ ಇಳೀಬೇಕು, ಅವನ ಸೂಟ್‌ಕೇಸ್ ಬರ್ತಿಲ್ಲ, ಯಾಕಂದ್ರೆ ಅದು ಚೈನಲ್ಲಿದೆ, ಚೈನಿಗೆ ಬೀಗ ಇದೆ, ಬೀಗದ ಮೇಲೆ ಕೆಂಪು ದಾರ, ಆ ದಾರ ನೋಡಿ ಕಂಡಕ್ಟರ್ ಸೀದಾ ನಮ್ಮ ಹತ್ರ ಬಂದಿದಾನೆ, ಪತ್ತೇದಾರಿಕೆಗೆ ಮೆಚ್ಚಬೇಕು. ನಡೆದಿದ್ದು ಇಷ್ಟೇ. "ಬಾಗಿಲ ಪಕ್ಕ ಸಾಮಾನು ಬಿಟ್ಟು ಮಲಗೋರು ಮನುಷ್ಯರಾ" ಅಂತ ಅಪ್ಪ ಊರಿಂದ ತಂದಿದ್ದ ಚೈನಲ್ಲಿ ನಮ್ಮ ಮೂರೂ ಪೆಟ್ಟಿಗೆ ಬಿಗಿದಿದ್ರು, ಕತ್ತಲಲ್ಲಿ ಪಕ್ಕದ ಪೆಟ್ಟಿಗೆ ಹಿಡೀನೂ ಸೇರ್ಕೊಂಡಿತ್ತು.

"ಅಪ್ಪಾ, ಕೀ!"

ಅಪ್ಪ ನಿದ್ದೆಗಣ್ಣಲ್ಲೇ ಎದ್ದು ಶರ್ಟಿನ ಗುಂಡಿ ಬಿಚ್ಚಕ್ಕೆ ಶುರು ಮಾಡಿದ್ರು. ಒಂದು, ಎರಡು, ಮೂರು. ಕಂಡಕ್ಟರ್ ಅರ್ಧ ಹೆಜ್ಜೆ ಹಿಂದೆ ಹೋದ. ಬನಿಯನ್ ಒಳಗಿಂದ ಜನಿವಾರ ಬಂತು, ಜನಿವಾರದ ತುದೀಲಿ ಬೀಗದ ಕೈ, ಗಂಟು ಅಮ್ಮ ಹಾಕಿದ್ದು, ಅಂದ್ರೆ ಯಾವ ಜನ್ಮಕ್ಕೂ ಬಿಚ್ಚೋದಲ್ಲ. ಕೊನೆಗೆ ಅಪ್ಪನೇ ಕೆಳಗಿಳಿದು ಬೀಗಕ್ಕೆ ಎದೆ ಕೊಟ್ಟು ಬಗ್ಗಿ ನಿಂತು, ಜನಿವಾರದ ಸಮೇತ ಕೀ ತಿರುಗಿಸಿದ್ರು. ಟೋಪಿಯವನು ಪೂರ್ತಿ ಭಕ್ತಿಯಿಂದ ಟೋಪಿ ತೆಗೆದು ನಿಂತಿದ್ದ, ಯಾವುದೋ ಪೂಜೆ ಅಂದ್ಕೊಂಡ ಅಂತ ಕಾಣುತ್ತೆ. ಆಮೇಲೆ ಅಪ್ಪ ನೋಟ್ ಬುಕ್ಕಲ್ಲಿ ಬರೆದಿದ್ದು: ಒಮಾಹ, 6 ನಿಮಿಷ ವಿಳಂಬ, ಪ್ರಯಾಣಿಕರ ಸಾಮಾನಿನ ತೊಂದರೆ.

ಬೆಳಗ್ಗೆ ಡೆನ್ವರ್. ಎರಡೂವರೆ ಗಂಟೆ ಲೇಟು. ಇಲ್ಲಿ ವಾಚ್ ಒಂದು ಗಂಟೆ ಹಿಂದಕ್ಕೆ ಇಟ್ಕೊಳ್ಳಿ ಅಪ್ಪ, ಟೈಮ್ ಝೋನ್ ಬದಲಾಯ್ತು ಅಂದೆ. ಅಪ್ಪನ ಮುಖ ಅರಳ್ತು. "ಹಾಗಾದ್ರೆ ಬರೀ ಒಂದೂವರೆ ಗಂಟೆ ಲೇಟು!" ಹಾಗಲ್ಲ ಅಪ್ಪ, ವೇಳಾಪಟ್ಟಿಲೂ ಇಲ್ಲಿನ ಟೈಮೇ ಇರೋದು ಅಂತ ಅರ್ಧ ಗಂಟೆ ಬಿಡಿಸಿ ಹೇಳ್ದೆ, ಜೊತೆಗೆ ಬುದ್ಧಿ ಕಮ್ಮಿಯಾಗಿ ಇನ್ನೊಂದು ವಿಷಯಾನೂ ಹೇಳ್ಬಿಟ್ಟೆ, ಮೊದಲು ಇಲ್ಲಿ ಊರೂರಿಗೂ ಒಂದೊಂದು ಮಧ್ಯಾಹ್ನ ಇತ್ತು, 1883ರ ನವೆಂಬರ್ 18ಕ್ಕೆ ರೈಲ್ವೆ ಕಂಪನಿಗಳೇ ಕೂತು ಈ ಝೋನ್ ಮಾಡಿದ್ದು, ಸರ್ಕಾರ ಕಾನೂನು ಮಾಡಿದ್ದು ಆಮೇಲೆ 1918ರಲ್ಲಿ ಅಂತ. "ನೋಡಿದ್ಯಾ, ಗಡಿಯಾರ ಮಾಡಿದೋರೇ ರೈಲ್ವೆಯೋರು. ಅವರು ಒಂದು ಗಂಟೆ ವಾಪಸ್ ಕೊಟ್ರೆ ಬೇಡ ಅನ್ನಕ್ಕೆ ನೀನ್ಯಾರು?" ಕಳೀತು ಒಂದು ಗಂಟೆ, ನೋಟ್ ಬುಕ್ಕಲ್ಲಿ ಕೆಂಪು ಇಂಕಲ್ಲಿ.

ಡೆನ್ವರ್ ದಾಟಿದ್ಮೇಲೆ ಮಾತ್ರ ಯಾರೂ ಮಾತಾಡ್ಲಿಲ್ಲ. ರೈಲು ಹಾವಿನ ಥರ ಸುತ್ತಿ ಸುತ್ತಿ ರಾಕೀಸ್ ಹತ್ತುತ್ತೆ, ಕೆಳಗೆ ಡೆನ್ವರ್ ಬಯಲು ತಟ್ಟೆ ಥರ ಕಾಣುತ್ತೆ. ಆಮೇಲೆ ಮೊಫಾಟ್ ಸುರಂಗ, 1928ರದ್ದು, ಆರು ಮೈಲಿಗೂ ಮೇಲೆ. ಡೀಸೆಲ್ ಹೊಗೆ ಒಳಗೆ ಬರುತ್ತೆ, ಬೋಗಿಯಿಂದ ಬೋಗಿಗೆ ಓಡಾಡ್ಬೇಡಿ ಅಂತ ಮೈಕಲ್ಲಿ ಎಚ್ಚರಿಕೆ ಕೊಡ್ತಾರೆ. ಸರಿಯಾಗಿ ಆಗಲೇ ಅಮ್ಮನಿಗೆ ಪುಳಿಯೋಗರೆ ಡಬ್ಬಿ ಕೆಳಗಿನ ಪೆಟ್ಟಿಗೇಲಿದೆ ಅಂತ ನೆನಪಾಗ್ಬೇಕಾ! ಸುರಂಗದ ಮೇಲಿನ ಬೆಟ್ಟದಲ್ಲಿ ಬಿದ್ದ ಮಳೆ ಪೂರ್ವಕ್ಕೆ ಹರಿದ್ರೆ ಅಟ್ಲಾಂಟಿಕ್ಕು, ಪಶ್ಚಿಮಕ್ಕೆ ಹರಿದ್ರೆ ಪೆಸಿಫಿಕ್ ಕಡೆಗೆ. "ನಮ್ಮ ಬಿಸಿಲೆ ಹತ್ರಾನೂ ಹೀಗೇ, ಆ ಕಡೆ ಅರಬ್ಬಿ, ಈ ಕಡೆ ಬಂಗಾಳ" ಅಂದ್ರು ಅಪ್ಪ, ಯಾವುದನ್ನೂ ಬಿಟ್ಟುಕೊಡಲ್ಲ.

ಈಗ ಅಸಲಿ ವಿಷಯ. ಸುರಂಗ ದಾಟಿ ಸ್ವಲ್ಪ ಹೊತ್ತಿಗೆ ಕೊಲೊರಾಡೊ ನದಿ ಸಿಗುತ್ತೆ, ಗಂಟೆಗಟ್ಟಲೆ ಹಳಿ ಪಕ್ಕಾನೇ ಹರಿಯುತ್ತೆ. ನಾವು ಗಾಜಿನ ಬೋಗೀಲಿ ಕೂತಿದ್ವಿ, ನೋಡೋಕೆ ಅಂತಾನೇ ಇರೋ ಬೋಗಿ, ಕಿಟಕಿ ಛಾವಣಿ ತನಕ. ಪಕ್ಕದಲ್ಲಿ ಒಂದು ಆಮಿಶ್ ಕುಟುಂಬ, ಹಳೇ ಕಾಲದ ಥರಾನೇ ಬದುಕೋ ಕ್ರೈಸ್ತ ಪಂಗಡ, ವಿಮಾನ ಹತ್ತದ ಜನ, ಗಂಡಸರಿಗೆ ಗಡ್ಡ, ಹೆಂಗಸರಿಗೆ ತಲೆಗೆ ಬಿಳಿ ಟೋಪಿ. ಅಮ್ಮ ಕನ್ನಡದಲ್ಲಿ, ಆ ಹೆಂಗಸು ಇಂಗ್ಲಿಷಲ್ಲಿ ಉಪ್ಪಿನಕಾಯಿ ಬಗ್ಗೆ ಮಾತಾಡಿ ಇಬ್ಬರಿಗೂ ಅರ್ಥ ಆಗಿ, ನಿಪ್ಪಟ್ಟು ಅತ್ತ ಹೋಗಿ ಪೀಚ್ ಹಣ್ಣಿನ ಬಾಟಲಿ ಇತ್ತ ಬಂದಿತ್ತು. ಅಪ್ಪ ಎದುರು ಬಂಡೆ ಮೇಲೆ ಹದ್ದು ಕಂಡು ವಿಡಿಯೋ ಮಾಡ್ತಿದ್ರು.

ಈ ನದೀಲಿ ರಬ್ಬರ್ ದೋಣಿಯೋರು ಇರ್ತಾರೆ. ಅವರದೊಂದು ಹಳೇ ಸಂಪ್ರದಾಯ ಇದೆ, ನನಗೆ ಮೊದಲೇ ಗೊತ್ತಿತ್ತು, ಹೇಳಕ್ಕೆ ಬಾಯಿ ಬಂದಿರ್ಲಿಲ್ಲ. ರೈಲು ಕಂಡ ತಕ್ಷಣ ಹಿಂದೆ ತಿರುಗಿ ಚಡ್ಡಿ ಇಳಿಸ್ತಾರೆ. ಒಬ್ರಲ್ಲ, ಇಡೀ ದೋಣಿ. ಎಂಟು ಜನ, ಸಾಲಾಗಿ.

ಬೋಗೀಲಿ ನಗು. ಆಮಿಶ್ ತಾಯಿ ಮಕ್ಕಳ ಕಣ್ಣು ಮುಚ್ಚಿದ್ಲು, ಕೈ ಎರಡೇ, ಮಕ್ಕಳು ಐದು. ಅಮ್ಮ "ಅಯ್ಯೋ ಪಾಪ, ದೋಣಿ ಕುಲುಕಿ ಹುಡುಗ್ರ ಚಡ್ಡಿ ಜಾರಿತು" ಅಂದ್ರು. ಅಪ್ಪ ಮಾತ್ರ ಹದ್ದಿನ ಮೇಲಿಂದ ಕ್ಯಾಮೆರಾ ನಿಧಾನಕ್ಕೆ ನದಿಗಿಳಿಸಿ ಎಡದಿಂದ ಬಲಕ್ಕೆ ತಿರುಗಿಸ್ತಿದ್ರು, ದೂರದೃಷ್ಟಿ ಕನ್ನಡಕ ಸೀಟಲ್ಲೇ ಬಿಟ್ಟು ಬಂದಿದ್ರಿಂದ ಅವರಿಗೆ ಕಂಡಿದ್ದು ದೋಣಿ ಮತ್ತು ಬೆಳ್ಳಗೆ ಏನೋ. ಮುಗಿದ ಮೇಲೆ "ಕೊಲೊರಾಡೊ ದರ್ಶನ, ಪ್ರಕೃತಿಯ ಸೊಬಗು" ಅಂತ ಟೈಪ್ ಮಾಡಿ ನಮ್ಮ 64 ಜನದ ಕುಟುಂಬದ ವಾಟ್ಸಪ್ ಗ್ರೂಪಿಗೆ ಹಾಕೇಬಿಟ್ರು.

ಕಣಿವೇಲಿ ಸಿಗ್ನಲ್ ಇಲ್ಲ. ಮೆಸೇಜ್ ಪಕ್ಕ ಸಣ್ಣ ಗಡಿಯಾರ ಕೂತಿತ್ತು. ಅಪ್ಪಾ, ಡಿಲೀಟ್ ಮಾಡಿ. "ಯಾಕೆ? ಹದ್ದು ಎಷ್ಟು ಚೆನ್ನಾಗಿ ಬಂದಿದೆ." ಹದ್ದಲ್ಲ ಅಪ್ಪ, ಅದರ ಕೆಳಗೆ. "ಕೆಳಗೆ ನದಿ." ಅಮ್ಮನ ಮುಂದೆ ಇದಕ್ಕಿಂತ ಬಿಡಿಸಿ ಹೇಳೋದು ಹೇಗೆ? ಫೋನ್ ಕಿತ್ಕೊಳ್ಳೋಣ ಅಂದ್ರೆ ಜೇಬಿಗೆ ಹಾಕಿ ಗುಂಡಿ ಹಾಕಿದ್ರು. ಗ್ಲೆನ್‌ವುಡ್ ಸ್ಪ್ರಿಂಗ್ಸಲ್ಲಿ ಟವರ್ ಬಂತು, ಜೇಬಿಂದ ಟುಂಯ್ ಅಂತ ಸದ್ದೂ ಬಂತು.

ಊರಲ್ಲಿ ಆಗ ಮಧ್ಯರಾತ್ರಿ ಕಳೆದಿತ್ತು. ಯೂಟಾ ಒಳಗೆ ಬರೋ ಹೊತ್ತಿಗೆ ಅಲ್ಲಿ ಬೆಳಗಾಯ್ತು. ಭದ್ರಾವತಿ ಚಿಕ್ಕಪ್ಪ: "ರಮಣೀಯ ದೃಶ್ಯ 🙏🙏". ದಾವಣಗೆರೆ ಅತ್ತೆ: "ಶುಭೋದಯ". ಮೂರು ಹೂವು, ಒಂದು ಗಣಪತಿ. ಯಾರೂ ವಿಡಿಯೋ ತೆರೆದೇ ನೋಡಿರ್ಲಿಲ್ಲ ಅನ್ನೋ ಧೈರ್ಯದಲ್ಲಿ ನಾನು ಉಸಿರು ಬಿಡೋವಾಗ ಪಿಯುಸಿ ಓದೋ ಹುಡುಗನದ್ದು ಬಂತು: "ದೊಡ್ಡಪ್ಪ 2:14 ನೋಡಿ 😂". ಆಮೇಲೆ 64 ಜನಾನೂ ನೋಡಿದ್ರು. ಅಪ್ಪ ಕನ್ನಡಕ ಹಾಕ್ಕೊಂಡು 2:14 ನೋಡಿ, ಮತ್ತೆ ಸ್ವಲ್ಪ ಹಿಂದಕ್ಕೆ ಹಾಕಿ ನೋಡಿ, ಹೆಲ್ಪರ್ ಅನ್ನೋ ಸ್ಟೇಷನ್ ಬರೋ ತನಕ ತುಟಿ ಬಿಚ್ಚಲಿಲ್ಲ. ಘಾಟಿ ಹತ್ತೋ ಗಾಡಿಗಳಿಗೆ ಹಿಂದಿಂದ ಹೆಲ್ಪರ್ ಎಂಜಿನ್ ಕೊಡ್ತಿದ್ರಿಂದ ಊರಿಗೇ ಆ ಹೆಸರು ಬಂತು ಅಂತ ನಾನು ಮಾತು ತಿರುಗಿಸಿದೆ. "ಸಕಲೇಶಪುರದಲ್ಲಿ ಬ್ಯಾಂಕರ್ ಅಂತೀವಿ" ಅಂತ ಮೌನ ಮುರಿದ್ರು.

ಎರಡನೇ ರಾತ್ರಿ ಬಗ್ಗೆ ಹೇಳೋಕೇನಿಲ್ಲ, ಕುತ್ತಿಗೆ ಇವತ್ತಿಗೂ ಎಡಕ್ಕೇ ಇದೆ. ಬೆಳಗ್ಗೆ ನೆವಾಡದ ಮರಳುಗಾಡಲ್ಲಿ ಎಚ್ಚರ ಆದ್ರೆ ರೈಲು ನಿಂತಿದೆ. ಮುಂದೆ ಗೂಡ್ಸ್ ಕೆಟ್ಟು ನಿಂತಿತ್ತಂತೆ, ಅದು ಸರಿಯಾಗೋ ಹೊತ್ತಿಗೆ ನಮ್ಮ ಡ್ರೈವರ್ರ ಹನ್ನೆರಡು ಗಂಟೆ ಮುಗಿದಿದೆ. ಇಲ್ಲಿ ಕಾನೂನು ಅಂದ್ರೆ ಕಾನೂನು, ಹನ್ನೆರಡು ಗಂಟೆ ಮೇಲೆ ಒಂದು ನಿಮಿಷಾನೂ ಓಡಿಸೋ ಹಾಗಿಲ್ಲ, ಮುಂದಿನ ಊರಿಂದ ಹೊಸ ಡ್ರೈವರ್ ವ್ಯಾನಲ್ಲಿ ಬರಬೇಕು. ಕ್ಯಾಂಟೀನಲ್ಲಿ ಉಳಿದಿದ್ದು ಚಿಪ್ಸು ಮತ್ತು ಬಿಯರ್. ಆಗ ಅಮ್ಮ ಎದ್ರು. ಸುರಂಗದಲ್ಲಿ ತಪ್ಪಿಸಿಕೊಂಡಿದ್ದ ಪುಳಿಯೋಗರೆ ಡಬ್ಬಿ ಹೊರಗೆ ಬಂತು, ಚಪಾತಿ, ಚಟ್ನಿಪುಡಿ, ಕೋಡುಬಳೆ. ಪೇಪರ್ ಕರ್ಚೀಫಿನ ಮೇಲೆ ಇಡೀ ಬೋಗಿಗೆ ಪಂಕ್ತಿ. ಕಂಡಕ್ಟರ್ ಎರಡು ಸಲ ಹಾಕಿಸ್ಕೊಂಡ, ಒಣಮೆಣಸಿನಕಾಯೀನೂ ತಿಂದ, ಆಮೇಲೆ ಸ್ವಲ್ಪ ಹೊತ್ತು ಮೈಕಲ್ಲಿ ಅವನ ದನಿ ಕೇಳ್ಲಿಲ್ಲ.

ನಾವು ಇಳಿಯೋ ಊರು, ಸ್ಯಾನ್ ಫ್ರಾನ್ಸಿಸ್ಕೋ ಹತ್ರದ ಎಮರಿವಿಲ್‌ಗೆ ಸಂಜೆ ನಾಲ್ಕಕ್ಕೆ ಬರಬೇಕಾದ ರೈಲು ರಾತ್ರಿ ಹನ್ನೊಂದಕ್ಕೆ ಬಂತು. ತಂಗಿ "ಏಳು ಗಂಟೆ ಲೇಟಾ!" ಅಂತ ತಲೆ ಮೇಲೆ ಕೈ ಇಟ್ಕೊಂಡ್ಲು. ಅಪ್ಪ ನೋಟ್ ಬುಕ್ ತೆಗೆದು ತೋರಿಸಿದ್ರು. ನೆವಾಡದಲ್ಲಿ ಇನ್ನೊಂದು ಗಂಟೆ ವಾಪಸ್ ಸಿಕ್ಕಿದೆ, ಒಟ್ಟು ಎರಡು, ನಿವ್ವಳ ಐದೇ ಗಂಟೆ.

ಗಡಿಬಿಡೀಲಿ ಚೈನು, ಬೀಗ ಎರಡೂ ರೈಲಲ್ಲೇ ಉಳಿದುಹೋಯ್ತು. ಗೊತ್ತಾಗಿದ್ದು ಹತ್ತು ದಿನದ ಮೇಲೆ, ವಾಪಸ್ ಬರೋಕೆ ಏರ್‌ಪೋರ್ಟಿಗೆ ಹೋದಾಗ. ಸ್ಕ್ಯಾನರ್ ಒಳಗೆ ಅಪ್ಪ ಕೈ ಮೇಲೆತ್ತಿ ನಿಂತ್ರು, ಪರದೆ ಮೇಲೆ ಎದೆ ಜಾಗದಲ್ಲಿ ಹಳದಿ ಚೌಕ ಬಂತು. ಸೆಕ್ಯುರಿಟಿ ಹುಡುಗಿ ಏನಿದೆ ಸರ್ ಅಲ್ಲಿ ಅಂತ ಕೇಳಿದ್ಲು. ಅಪ್ಪ ಒಂದು ಮಾತೂ ಆಡದೆ ಶರ್ಟಿನ ಗುಂಡಿ ಬಿಚ್ಚಕ್ಕೆ ಶುರು ಮಾಡಿದ್ರು. ಒಂದು, ಎರಡು, ಮೂರು.