ಎಲ್ಲಾ ಕಾಣ್ತದೆ, ಏನೂ ಕೇಳ್ಸಲ್ಲ

ಕೌಂಟರ್ ಮುಂದೆ ಗಿರಾಕಿ ಕೈ ಎತ್ತೆತ್ತಿ ಜಗಳ ಆಡುತ್ತಿದ್ದಾನೆ. ಚಿತ್ರ ಎಷ್ಟು ಸ್ಪಷ್ಟ ಎಂದರೆ ಅವನ ಅಂಗಿಯ ಎರಡನೇ ಗುಂಡಿ ಕಿತ್ತುಹೋಗಿರುವುದೂ ಕಾಣುತ್ತದೆ. ಮಾತು ಮಾತ್ರ ಒಂದಕ್ಷರ ಇಲ್ಲ. ಮಾನಿಟರ್ ಸುತ್ತ ಮುತ್ತಿಕೊಂಡ ನಾಲ್ಕು ಜನ ತುಟಿ ನೋಡಿ ತಮತಮಗೆ ತೋಚಿದ ಸಂಭಾಷಣೆ ತುಂಬುತ್ತಿದ್ದಾರೆ, ನಾಲ್ಕು ಥರದ ಜಗಳ ತಯಾರಾಗಿದೆ. ನೆಟ್‌ವರ್ಕ್ ಮೂಲಕ ಚಿತ್ರ ಕಳಿಸುವ ಐಪಿ ಕ್ಯಾಮೆರಾದ ಆಡಿಯೊ ಕೈಕೊಡುವ ರೀತಿಯೇ ಇದು. ವಿಡಿಯೊ ಹೋದರೆ ಪರದೆ ಕಪ್ಪಾಗಿ ಅದೇ ನಿಮಿಷಕ್ಕೆ ಗೊತ್ತಾಗುತ್ತದೆ. ಆಡಿಯೊ ಇಲ್ಲ ಅನ್ನುವುದು ಗೊತ್ತಾಗುವುದು ಅದು ಬೇಕಾದ ದಿನ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.

ಆಮೇಲೆ ಯಾರೋ ಒಬ್ಬರು ತೀರ್ಪು ಕೊಡುತ್ತಾರೆ: "ಸಾರ್, ಮೈಕ್ ಸುಟ್ಟೋಗಿದೆ." ಪಾಪದ ಮೈಕು. ಇಡೀ ಕ್ಯಾಮೆರಾದಲ್ಲಿ ಸುಡುವಂಥದ್ದು ಅತಿ ಕಡಿಮೆ ಇರುವ ಭಾಗ ಅದು. ಮೈಕಿನಿಂದ ಹೊರಟ ಸದ್ದು ಕ್ಯಾಮೆರಾದ ಒಳಗೆ ಅಂಕಿಗಳಾಗಿ, ನೆಟ್‌ವರ್ಕ್ ಹತ್ತಿ, ಎನ್‌ವಿಆರ್ (ಕ್ಯಾಮೆರಾಗಳ ರೆಕಾರ್ಡಿಂಗ್ ಪೆಟ್ಟಿಗೆ) ಸೇರಿ, ಅಲ್ಲಿಂದ ಸಾಫ್ಟ್‌ವೇರ್ ದಾಟಿ, ಕೊನೆಗೆ ಸ್ಪೀಕರ್ ಮೂಲಕ ಕಿವಿಗೆ ಬರಬೇಕು. ದಾರಿಯುದ್ದಕ್ಕೂ ಬಾಗಿಲುಗಳು, ಒಂದೊಂದಕ್ಕೂ ಒಂದೊಂದು ಬೀಗ. ಒಂದು ಮುಚ್ಚಿದ್ದರೂ ಕೊನೆಯಲ್ಲಿ ಕೂತವರಿಗೆ ಕೇಳುವುದು ಒಂದೇ ಥರದ ಮೌನ. ಹಾಗಾಗಿ ಏಣಿ ತರುವ ಮುಂಚೆ ಕುರ್ಚಿಯಲ್ಲಿ ಕೂತೇ ಹುಡುಕುವುದು ವಾಸಿ. ಬಹಳಷ್ಟು ಸಲ ಏಣಿ ಬೇಕೇ ಆಗುವುದಿಲ್ಲ.

ಮೊದಲ ಅನುಮಾನ ಮಾನಿಟರ್ ಮೇಲೆ. ಎಚ್‌ಡಿಎಂಐ ಕೇಬಲ್ ಸದ್ದನ್ನು ನಿಷ್ಠೆಯಿಂದ ಹೊತ್ತು ತರುತ್ತದೆ, ತಂದು ಸ್ಪೀಕರೇ ಇಲ್ಲದ ಮಾನಿಟರ್‌ಗೆ ಒಪ್ಪಿಸುತ್ತದೆ. ಎನ್‌ವಿಆರ್ ಹಿಂದುಗಡೆ ಆಡಿಯೊ ಔಟ್ ಎಂಬ ಆರ್‌ಸಿಎ ಕಿಂಡಿ (ಹಳೆಯ ಟಿವಿಗಳಲ್ಲಿದ್ದಂಥ ಗುಂಡನೆಯದು) ಇದ್ದರೆ ಅದಕ್ಕೆ ಕಂಪ್ಯೂಟರ್ ಸ್ಪೀಕರ್ ಸಿಕ್ಕಿಸಿ ನೋಡಿ. ಎರಡನೆಯದು, 16 ಚಿತ್ರಗಳ ಚೌಕುಳಿ ಪರದೆಯಲ್ಲಿ 16 ಕ್ಯಾಮೆರಾಗಳ ಸದ್ದೂ ಒಟ್ಟಿಗೆ ಬರುವುದಿಲ್ಲ, ಬಂದರೆ ಸಂತೆ. ಸಾಮಾನ್ಯವಾಗಿ ಆಯ್ಕೆ ಮಾಡಿದ ಒಂದೇ ಚೌಕದ ಸದ್ದು ಕೇಳಿಸುತ್ತದೆ, ಅದೂ ಆ ಚೌಕದ ಪುಟ್ಟ ಸ್ಪೀಕರ್ ಗುರುತನ್ನು ಒತ್ತಿದ ಮೇಲೆ. ಬ್ರೌಸರ್‌ನಲ್ಲಿ ನೋಡುತ್ತಿದ್ದರೆ ಇನ್ನೊಂದು ತಕರಾರು: ತಾನಾಗಿ ಶುರುವಾಗುವ ವಿಡಿಯೊಗಳ ಬಾಯಿಯನ್ನು ಬ್ರೌಸರ್‌ಗಳು ಮೊದಲೇ ಮುಚ್ಚಿರುತ್ತವೆ. ಗೋದಾಮಿನ ಕ್ಯಾಮೆರಾ ಬಿಚ್ಚಿ ಕೆಳಗಿಳಿಸಿದ ಮೇಲೆ ಈ ಮ್ಯೂಟ್ ಗುರುತು ಕಣ್ಣಿಗೆ ಬಿದ್ದರೆ ಆಗುವ ಸಂಕಟಕ್ಕೆ ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಗಾದೆಯೇ ಸರಿಯಾದ ಮದ್ದು.

ಇಷ್ಟಾದರೂ ಸದ್ದಿಲ್ಲ ಅಂದರೆ ಎನ್‌ವಿಆರ್ ಅನ್ನು ನಡುವಿನಿಂದ ಬಿಟ್ಟು ನೇರ ಕ್ಯಾಮೆರಾವನ್ನೇ ವಿಚಾರಿಸಬೇಕು. ವಿಎಲ್‌ಸಿ ಎಂಬ ವಿಡಿಯೊ ಪ್ಲೇಯರ್ ತೆರೆದು ಕ್ಯಾಮೆರಾದ ಆರ್‌ಟಿಎಸ್‌ಪಿ ವಿಳಾಸ (ಅದರ ವಿಡಿಯೊ ನೇರ ಹರಿದು ಬರುವ ವಿಳಾಸ) ಕೊಡಿ. ಪೋರ್ಟ್ ಸಾಮಾನ್ಯವಾಗಿ 554, ಉಳಿದ ಬಾಲ ಒಂದೊಂದು ಕಂಪನಿಗೆ ಒಂದೊಂದು ಥರ, ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಚಿತ್ರ ಬಂದ ಮೇಲೆ ಕಂಟ್ರೋಲ್ ಮತ್ತು ಜೆ ಒಟ್ಟಿಗೆ ಒತ್ತಿ. ಕೋಡೆಕ್ (ಚಿತ್ರ, ಸದ್ದನ್ನು ಅಂಕಿಗಳಾಗಿ ಕಟ್ಟುವ ವಿಧಾನ) ವಿವರದ ಕಿಟಕಿ ತೆರೆಯುತ್ತದೆ. ಸ್ಟ್ರೀಮ್ 0 ಅಂತ ವಿಡಿಯೊ, ಅದರ ಕೆಳಗೆ ಸ್ಟ್ರೀಮ್ 1 ಅಂತ ಆಡಿಯೊ ಇರಬೇಕು. ಬಿಚ್ಚಿ ನೋಡಿದರೆ ಪಿಸಿಎಂ ಮ್ಯೂ-ಲಾ, 8000 ಹರ್ಟ್ಜ್ ಎಂಬಂಥ ವಿವರ ಕಾಣುತ್ತದೆ. ಎರಡನೇ ಸಾಲೇ ಇಲ್ಲದಿದ್ದರೆ ಕ್ಯಾಮೆರಾ ಸದ್ದನ್ನು ಕಳಿಸುತ್ತಲೇ ಇಲ್ಲ, ಎನ್‌ವಿಆರ್ ನಿರಪರಾಧಿ. ಸಾಲು ಇದ್ದು ಸದ್ದಿಲ್ಲದಿದ್ದರೆ ಮೈಕ್ ಅಥವಾ ಅದರ ವೈರಿನ ಕಡೆ ಹೋಗಿ. ಇಲ್ಲಿ ಕೇಳಿಸಿ ಎನ್‌ವಿಆರ್‌ನಲ್ಲಿ ಕೇಳಿಸದಿದ್ದರೆ ಜಗಳ ಅವೆರಡರ ನಡುವಿನದು. ಎರಡು ನಿಮಿಷದ ಕೆಲಸ, ಅರ್ಧ ದಿನದ ವಾದ ಉಳಿಯುತ್ತದೆ. ಇದನ್ನು ಬಿಟ್ಟು ನೇರ ಕೇಬಲ್ ಎಳೆಯಲು ಹೊರಡುವವರನ್ನು ಕಂಡರೆ ಕೇಬಲ್ ಮೇಲೆ ಮರುಕ ಬರುತ್ತದೆ.

ಎರಡನೇ ಸಾಲು ಇಲ್ಲದಿದ್ದಾಗ ಕೇಳಬೇಕಾದ ಪ್ರಶ್ನೆ ಸ್ವಲ್ಪ ಮುಜುಗರದ್ದು: ಈ ಕ್ಯಾಮೆರಾಗೆ ಕಿವಿ ಇದೆಯೇ? ಒಂದೇ ಮುಖ, ಒಂದೇ ಲೆನ್ಸ್, ಒಂದೇ ಪೆಟ್ಟಿಗೆ. ಮಾದರಿ ಸಂಖ್ಯೆಯ ಕೊನೆಯ ಒಂದಕ್ಷರದಲ್ಲಿ ಮಾತ್ರ ವ್ಯತ್ಯಾಸ. ಒಂದಕ್ಕೆ ಒಳಗೇ ಮೈಕ್, ಇನ್ನೊಂದಕ್ಕೆ ಹೊರಗಿನ ಮೈಕಿಗೆ ಕಿಂಡಿ, ಮತ್ತೊಂದಕ್ಕೆ ಅದೂ ಇಲ್ಲ. ಹುಟ್ಟು ಕಿವುಡಿಗೆ ಎಷ್ಟು ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಹಾಕಿದರೂ ಕಿವಿ ಮೊಳೆಯುವುದಿಲ್ಲ. ಡೇಟಾಶೀಟ್‌ನಲ್ಲಿ ಆಡಿಯೊ ಎಂಬ ಸಾಲು ಓದಿ, ಆಮೇಲೆ ಮುಂದಿನ ಮಾತು.

ಕಿವಿ ಇದೆ ಎಂದು ಖಾತ್ರಿಯಾಯಿತೇ? ಹಾಗಾದರೆ ಕ್ಯಾಮೆರಾದ ಸೆಟ್ಟಿಂಗ್ಸ್ ಪುಟಕ್ಕೆ ಬನ್ನಿ. ಅನೇಕ ಕ್ಯಾಮೆರಾಗಳು ಕಾರ್ಖಾನೆಯಿಂದ ಬರುವಾಗಲೇ ಆಡಿಯೊ ಆಫ್ ಆಗಿರುತ್ತದೆ. ಇದಕ್ಕೆ ಕಾರಣ ಇದೆ: ಬಹಳ ದೇಶಗಳಲ್ಲಿ ಜನರ ಮಾತು ರೆಕಾರ್ಡ್ ಮಾಡುವುದರ ಕಾನೂನು ಚಿತ್ರ ತೆಗೆಯುವುದಕ್ಕಿಂತ ಬಿಗಿ. ನಿಮ್ಮಲ್ಲಿ ಕಾನೂನು ಏನು ಹೇಳುತ್ತದೆ ನೋಡಿಕೊಂಡು, ಸಿಬ್ಬಂದಿಗೆ ತಿಳಿಸಿ, ಬೋರ್ಡು ಹಾಕಿಯೇ ಆನ್ ಮಾಡಬೇಕು. ಆನ್ ಮಾಡುವುದೂ ಒಂದೇ ಕಡೆ ಅಲ್ಲ. ಆಡಿಯೊ ಪುಟದಲ್ಲಿ ಒಂದು ಟಿಕ್. ವಿಡಿಯೊ ಪುಟದಲ್ಲಿ ಸ್ಟ್ರೀಮ್ ಟೈಪ್ ಎಂಬ ಕಡೆ 'ವಿಡಿಯೊ' ಎಂದಿರುವುದನ್ನು 'ವಿಡಿಯೊ ಮತ್ತು ಆಡಿಯೊ' ಎಂದು ಬದಲಿಸುವುದು. ಇದನ್ನು ಮೇನ್ ಸ್ಟ್ರೀಮಿಗೂ (ದೊಡ್ಡ, ಸ್ಪಷ್ಟ ಚಿತ್ರ) ಸಬ್ ಸ್ಟ್ರೀಮಿಗೂ (ಚಿಕ್ಕ, ಹಗುರ ಚಿತ್ರ) ಬೇರೆಬೇರೆಯಾಗಿ ಮಾಡಬೇಕು. ಮೇನ್‌ಗೆ ಮಾತ್ರ ಹಾಕಿ ಎದ್ದರೆ ಮಜಾ ನೋಡಿ: ಚಿತ್ರವನ್ನು ದೊಡ್ಡದು ಮಾಡಿದಾಗ ಮಾತು ಕೇಳುತ್ತದೆ, ಚಿಕ್ಕದು ಮಾಡಿದರೆ ಮೌನ, ಮೊಬೈಲ್‌ನಲ್ಲಿ ಸಾಮಾನ್ಯವಾಗಿ ಮೌನ, ಯಾಕೆಂದರೆ ಅವು ಸಬ್ ಸ್ಟ್ರೀಮ್ ತೆಗೆದುಕೊಳ್ಳುತ್ತವೆ. ಕೊನೆಗೆ ಎನ್‌ವಿಆರ್‌ನ ರೆಕಾರ್ಡಿಂಗ್ ಪುಟದಲ್ಲೂ 'ರೆಕಾರ್ಡ್ ಆಡಿಯೊ' ಎಂಬ ಪ್ರತ್ಯೇಕ ಟಿಕ್ ಇರಬಹುದು. ಲೈವ್‌ನಲ್ಲಿ ಕೇಳಿ ಪ್ಲೇಬ್ಯಾಕ್‌ನಲ್ಲಿ ಕೇಳದಿದ್ದರೆ ಇದೇ ಕಾರಣ ಎಂದು ಕಣ್ಣುಮುಚ್ಚಿ ಹೋಗಿ ನೋಡಬಹುದು.

ಅದೇ ಆಡಿಯೊ ಪುಟದಲ್ಲಿ ಮೈಕ್ ಇನ್, ಲೈನ್ ಇನ್ ಎಂಬ ಆಯ್ಕೆ ಇದೆ. ಅಳಿಯ ಅಲ್ಲ ಮಗಳ ಗಂಡ ಅಂದುಕೊಂಡು ಯಾವುದೋ ಒಂದನ್ನು ಒತ್ತುವವರೇ ಹೆಚ್ಚು. ಬರಿಯ ಮೈಕಿನಿಂದ ಬರುವುದು ಕೆಲವೇ ಮಿಲಿವೋಲ್ಟ್; ಆಂಪ್ಲಿಫೈಯರ್ ಒಳಗೇ ಇರುವ ಮೈಕ್ ಕೊಡುವುದು ಒಂದು ವೋಲ್ಟಿನ ಆಸುಪಾಸಿನ ಲೈನ್ ಮಟ್ಟ. ನೂರಾರು ಪಟ್ಟು ಫರಕು. ಬರಿಯ ಮೈಕನ್ನು ಲೈನ್ ಇನ್‌ಗೆ ಕೊಟ್ಟರೆ ಪಕ್ಕದ ಕಟ್ಟಡದಲ್ಲಿ ಯಾರೋ ಗುಟ್ಟು ಹೇಳಿದ ಹಾಗೆ. ಆಂಪ್ಲಿಫೈಯರ್ ಇರುವುದನ್ನು ಮೈಕ್ ಇನ್‌ಗೆ ಕೊಟ್ಟರೆ ಪ್ರತಿಯೊಬ್ಬರೂ ಹರಿದ ತಮಟೆಯೊಳಗಿಂದ ಮಾತಾಡುತ್ತಾರೆ. ವಾಲ್ಯೂಮ್ 100ಕ್ಕೆ ಎಳೆದಿಟ್ಟರೂ ಅದೇ ತಮಟೆ. 50ರಿಂದ ಶುರುಮಾಡಿ ಮೇಲೆ ಹೋಗಿ.

ಹೊರಗಿನ ಮೈಕ್ ಹಾಕಿದ್ದರೆ ಈಗ ಏಣಿ ಹತ್ತಲೇಬೇಕು. ಕ್ಯಾಮೆರಾದ ಹಿಂದಿನ ಬಾಲ ಹಿಡಿದು ನೋಡಿ. ನೆಟ್‌ವರ್ಕ್ ಸಾಕೆಟ್, ಗುಂಡನೆಯ 12 ವೋಲ್ಟ್ ಜಾಕ್, ಮತ್ತೆರಡು ಆರ್‌ಸಿಎ ಅಥವಾ ಸಣ್ಣ ಸ್ಕ್ರೂ ಟರ್ಮಿನಲ್: ಒಂದು ಆಡಿಯೊ ಇನ್, ಇನ್ನೊಂದು ಔಟ್. ಅಕ್ಕತಂಗಿಯರ ಹಾಗೆ ಕಾಣುತ್ತವೆ, ಹೆಸರಿನ ಚೀಟಿ ಕಿತ್ತುಹೋಗಿರುತ್ತದೆ, ಮೈಕ್ ಹೋಗಿ ಔಟ್‌ನಲ್ಲಿ ಕೂತಿರುತ್ತದೆ. ಇನ್ನು ಮೈಕಿನ ಮೂರು ಎಳೆ: ವಿದ್ಯುತ್ತಿಗೆ ಒಂದು, ಸದ್ದಿಗೆ ಒಂದು, ಇಬ್ಬರಿಗೂ ಸೇರಿದ ಗ್ರೌಂಡ್ ಒಂದು. ಕೆಂಪು ಅಂದರೆ ಪ್ಲಸ್ ಎಂಬುದು ಬಹುಪಾಲು ನಿಜ. ಉಳಿದೆರಡರ ಬಣ್ಣ ನಂಬಬೇಡಿ, ಮೈಕಿನ ಜೊತೆ ಬಂದ ಚೀಟಿ ನಂಬಿ. ದೊಡ್ಡ ಎಡವಟ್ಟು ಮುಂದಿದೆ. ಕ್ಯಾಮೆರಾ ಪಿಒಇ ಮೇಲೆ (ನೆಟ್‌ವರ್ಕ್ ಕೇಬಲಿನಲ್ಲೇ ಬರುವ ವಿದ್ಯುತ್ತಿನಲ್ಲಿ) ನಡೆಯುತ್ತಿದೆ, 12 ವೋಲ್ಟ್ ಜಾಕ್ ಖಾಲಿ ಇದೆ, ಅದರಿಂದಲೇ ಮೈಕಿಗೆ ವಿದ್ಯುತ್ ಎಳೆಯೋಣ ಎಂಬ ಜಾಣತನ. ಸಾಮಾನ್ಯವಾಗಿ ಆ ಜಾಕ್ ವಿದ್ಯುತ್ ತೆಗೆದುಕೊಳ್ಳುವುದಕ್ಕೇ ಹೊರತು ಕೊಡುವುದಕ್ಕಲ್ಲ. ಹೊರಕ್ಕೆ 12 ವೋಲ್ಟ್ ಕೊಡುವ ಮಾದರಿ ಇದ್ದರೆ ಡೇಟಾಶೀಟ್ ಅದನ್ನು ಹೆಮ್ಮೆಯಿಂದ ಹೇಳಿಕೊಂಡಿರುತ್ತದೆ. ಮೈಕಿಗೆ ಬೇರೆ ಅಡಾಪ್ಟರ್ ಬೇಕು.

ಅಡಾಪ್ಟರ್ ಬಂತು, ಹಿಂದೆಯೇ ಗುಂಯ್‌ಗುಡುವ ಸದ್ದೂ ಬಂತು. ದುಂಬಿ ಹೊಕ್ಕ ಹಾಗೆ ಒಂದೇ ಸಮ ಕೇಳುವ ಈ ಗುಂಯ್ ಮೇನ್ಸ್ ವಿದ್ಯುತ್ತಿನ 50 ಅಥವಾ 60 ಹರ್ಟ್ಜ್ ಮತ್ತು ಅದರ ಪಟ್ಟುಗಳು. ಕ್ಯಾಮೆರಾ ಒಂದು ಕಡೆಯ ಗ್ರೌಂಡ್, ಮೈಕ್ ಇನ್ನೊಂದು ಕಡೆಯ ಗ್ರೌಂಡ್ ಹಿಡಿದಿದ್ದು, ನಡುವೆ ಆಡಿಯೊ ವೈರಿನ ಮೂಲಕ ಕರೆಂಟ್ ಸುತ್ತು ಹೊಡೆಯುತ್ತಿರುತ್ತದೆ. ಪರೀಕ್ಷೆ ಸುಲಭ: ಅಡಾಪ್ಟರ್ ತೆಗೆದು ಮೈಕನ್ನು ಸ್ವಲ್ಪ ಹೊತ್ತು 12 ವೋಲ್ಟ್ ಬ್ಯಾಟರಿಯ ಮೇಲೆ ಓಡಿಸಿ. ಗುಂಯ್ ನಿಂತರೆ ಕಳ್ಳ ಅಡಾಪ್ಟರ್ ಅಥವಾ ಗ್ರೌಂಡ್ ಸುತ್ತು. ಒಳ್ಳೆಯ ಅಡಾಪ್ಟರ್, ಇಲ್ಲವೇ ಆಡಿಯೊ ದಾರಿಯಲ್ಲಿ ಟ್ರಾನ್ಸ್‌ಫಾರ್ಮರ್ ಇರುವ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ನಿಲ್ಲದಿದ್ದರೆ ವೈರು ಮೇನ್ಸ್ ಕೇಬಲಿನ ಜೊತೆ ಒಂದೇ ಪೈಪಿನಲ್ಲಿ ಸಂಸಾರ ಮಾಡುತ್ತಿದೆ. ಶೀಲ್ಡ್ ಇರುವ ವೈರು ಹಾಕಿ, ಬೇರೆ ದಾರಿಯಲ್ಲಿ ಎಳೆಯಿರಿ, ದಾಟಲೇಬೇಕಾದಲ್ಲಿ ಅಡ್ಡಡ್ಡ ದಾಟಿಸಿ.

ಏಣಿಯ ಮೇಲೆ ಇರುವಾಗಲೇ ಒಳಮೈಕಿನ ತೂತನ್ನೂ ನೋಡಿ. ಸೂಜಿಮೊನೆಯಷ್ಟು. ಗೋಡೆಗೆ ಬಣ್ಣ ಹೊಡೆದವರು ಅದರ ಮೇಲೂ ಒಂದು ಕೈ ಆಡಿಸಿರಬಹುದು, ಜೇಡ ಮನೆ ಮಾಡಿರಬಹುದು, ಪೆಟ್ಟಿಗೆಯಿಂದ ಬಂದ ರಕ್ಷಣೆಯ ಹಾಳೆಯನ್ನು ಯಾರೂ ಕಿತ್ತೇ ಇಲ್ಲದಿರಬಹುದು. ಸೂಜಿ ಮಾತ್ರ ಚುಚ್ಚಬೇಡಿ, ಒಳಗಿರುವುದು ಕಿವಿಯ ತಮಟೆ. ಪಕ್ಕದಲ್ಲೇ ಎಸಿಯ ಗಾಳಿ ಕಿಂಡಿ ಇದ್ದರೆ ದಿನವಿಡೀ ಚಂಡಮಾರುತವೇ ರೆಕಾರ್ಡ್ ಆಗುತ್ತದೆ. ದೂರವೂ ಲೆಕ್ಕಕ್ಕುಂಟು: ಮಾತಾಡುವವರು ಎರಡು ಪಟ್ಟು ದೂರ ಹೋದಾಗೆಲ್ಲ ಬಯಲಿನಲ್ಲಿ ಸದ್ದು 6 ಡೆಸಿಬಲ್ ಇಳಿಯುತ್ತದೆ. ಕೌಂಟರಿನ ಮಾತು ಬೇಕಿದ್ದರೆ ಮೈಕ್ ಕೌಂಟರಿನ ಮೇಲೇ ಇರಬೇಕು, ಹಾಲಿನ ಆ ತುದಿಯ ಕ್ಯಾಮೆರಾದಲ್ಲಲ್ಲ.

ವಿಎಲ್‌ಸಿಯಲ್ಲಿ ಕೇಳಿ ಎನ್‌ವಿಆರ್‌ನಲ್ಲಿ ಕೇಳದಿದ್ದರೆ, ಕ್ಯಾಮೆರಾ, ಎನ್‌ವಿಆರ್ ಎರಡೂ ಬೇರೆ ಬೇರೆ ಭಾಷೆ ಆಡುತ್ತಿವೆ. ಕ್ಯಾಮೆರಾ ಎಎಸಿ ಅನ್ನುತ್ತದೆ, ಬೇರೆ ಕಂಪನಿಯ ಎನ್‌ವಿಆರ್ ತನಗೆ ಗೊತ್ತಿರುವುದು ಜಿ.711 ಮಾತ್ರ ಅನ್ನುತ್ತದೆ; ಎರಡೂ ಆಡಿಯೊ ಕೋಡೆಕ್‌ಗಳೇ. ಬೇರೆಬೇರೆ ಕಂಪನಿಯ ಉಪಕರಣ ಹೊಂದಿಕೊಳ್ಳಲೆಂದು ಮಾಡಿದ ಆನ್‌ವಿಫ್ ನಿಯಮ ಇದೆಯಲ್ಲ ಎಂದು ಧೈರ್ಯ ಹೇಳುವವರಿದ್ದಾರೆ. ವಿಡಿಯೊ ಹರಿಸುವುದಕ್ಕಿರುವ ಅದರ ಪ್ರೊಫೈಲ್ ಎಸ್ ಎಂಬ ಭಾಗದಲ್ಲೂ ಆಡಿಯೊ ಷರತ್ತಿನ ಮೇಲಿನ ಸೌಲಭ್ಯವೇ. ಕ್ಯಾಮೆರಾವನ್ನು ಜಿ.711ಕ್ಕೆ ತಿರುಗಿಸಿ. ಸೆಕೆಂಡಿಗೆ ಸದ್ದಿನ 8000 ಮಾದರಿ (ಸ್ಯಾಂಪಲ್), ತಲಾ 8 ಬಿಟ್, ಒಟ್ಟು 64 ಕಿಲೋಬಿಟ್. ಹಳೆಯ ಲ್ಯಾಂಡ್‌ಲೈನ್ ಫೋನಿನ ಗುಣಮಟ್ಟ. ಜಗಳ ಕೇಳಲು ಧಾರಾಳ ಸಾಕು. ಇದರಲ್ಲೂ ಎ-ಲಾ, ಮ್ಯೂ-ಲಾ ಎಂಬ ಎರಡು ಪಂಗಡ. ಒಂದರಲ್ಲಿ ಬರೆದದ್ದನ್ನು ಇನ್ನೊಂದರಲ್ಲಿ ಓದಿದರೆ ಮಾತು ಅರ್ಥವಾಗುತ್ತದೆ, ಆದರೆ ಗಂಟಲಲ್ಲಿ ಮರಳು ಸಿಕ್ಕವರು ಮಾತಾಡಿದ ಹಾಗೆ. ಮಾದರಿಯ ವೇಗ ತಪ್ಪಿ 16000ದ್ದನ್ನು 8000ಕ್ಕೆ ಓದಿದರೆ ಮ್ಯಾನೇಜರ್ ಯಕ್ಷಗಾನದ ರಕ್ಕಸನ ದನಿಯಲ್ಲಿ ಎಳೆದೆಳೆದು ಮಾತಾಡುತ್ತಾರೆ. ಇದು ದೋಷವಾದರೂ ಸರಿಮಾಡಲು ಕೆಲವರು ಒಪ್ಪುವುದಿಲ್ಲ.

"ನೆಟ್‌ವರ್ಕ್ ವೀಕು" ಎಂಬ ಎಲ್ಲರಿಗೂ ಒಗ್ಗುವ ಕಾರಣವನ್ನು ಇಲ್ಲಿ ತರಬೇಡಿ. 4 ಮೆಗಾಬಿಟ್ ವಿಡಿಯೊ ಹರಿದು ಬರುವ ಕಡೆ ಅದರ 60ರಲ್ಲೊಂದು ಪಾಲಿನ ಆಡಿಯೊಗೆ ಜಾಗ ಇಲ್ಲದೆ ಹೋಗುವುದಿಲ್ಲ. ಪೂರ್ತಿ ಮೌನಕ್ಕೆ ನೆಟ್‌ವರ್ಕ್ ಕಾರಣವಾಗುವುದು ಅಪರೂಪ. ಮಾತು ತುಂಡುತುಂಡಾಗಿ ಬರುತ್ತಿದ್ದರೆ ಮಾತ್ರ ಆ ಕಡೆ ನೋಡಿ, ಯುಡಿಪಿ (ದಾರಿಯಲ್ಲಿ ಕಳೆದದ್ದನ್ನು ಮತ್ತೆ ಕಳಿಸದ ವಿಧಾನ) ಇದ್ದದ್ದನ್ನು ಟಿಸಿಪಿಗೆ (ಮತ್ತೆ ಕಳಿಸುವ ವಿಧಾನ) ಬದಲಿಸಿ.

ಇನ್ನು ಕ್ಯಾಮೆರಾ ಮೂಲಕ ತಿರುಗಿ ಮಾತಾಡುವ ಆಸೆ. ಕ್ಯಾಮೆರಾದ ಆಡಿಯೊ ಔಟ್ ಕೊಡುವುದು ಲೈನ್ ಮಟ್ಟ, ಅದಕ್ಕೆ ಬರಿಯ ಸ್ಪೀಕರ್ ಕಟ್ಟಿದರೆ ಇರುವೆ ಕೈಗೆ ಸುತ್ತಿಗೆ ಕೊಟ್ಟಂತೆ. ಆಂಪ್ಲಿಫೈಯರ್ ಇರುವ ಸ್ಪೀಕರ್ ಬೇಕು. ಬ್ರೌಸರ್‌ನಿಂದ ಮಾತಾಡುವುದಾದರೆ ಪುಟ ಎಚ್‌ಟಿಟಿಪಿಎಸ್‌ನಲ್ಲಿ ತೆರೆದಿರಬೇಕು, ಇಲ್ಲದಿದ್ದರೆ ಬ್ರೌಸರ್ ನಿಮ್ಮ ಮೈಕ್ ಮುಟ್ಟಲು ಬಿಡುವುದಿಲ್ಲ. ಪರೀಕ್ಷೆಗೆ ಕ್ಯಾಮೆರಾದ ಕೆಳಗೇ ಮೊಬೈಲ್ ಹಿಡಿದು ಹಲೋ ಅನ್ನಬೇಡಿ. ನಿಮ್ಮ ಹಲೋ ಸ್ಪೀಕರ್‌ನಿಂದ ಬಂದು ಮೈಕ್ ಹೊಕ್ಕು, ಮತ್ತೆ ಸ್ಪೀಕರ್‌ಗೆ ಹೋಗಿ, ಮೂರನೇ ಸುತ್ತಿಗೆ ಇಡೀ ಆಫೀಸು ಕಿವಿ ಮುಚ್ಚಿಕೊಳ್ಳುವ ಕೀಂಯ್ ಆಗುತ್ತದೆ. ಇಬ್ಬರು ಬೇಕು, ನಡುವೆ ಗೋಡೆಯೂ ಬೇಕು.

ಕೊನೆಗೆ ಆ ಜಗಳದ ತುಣುಕನ್ನು ಪೆನ್‌ಡ್ರೈವ್‌ಗೆ ಹಾಕಿ ಮೇಲಿನವರಿಗೆ ಕೊಟ್ಟಾಗ ಮತ್ತೆ ಮೌನ ಕವಿಯಬಹುದು. ಎಂಪಿ4 ಒಳಗಿನ ಜಿ.711 ಕೆಲವು ಪ್ಲೇಯರ್‌ಗಳಿಗೆ ಅರಗುವುದಿಲ್ಲ. ವಿಎಲ್‌ಸಿಯಲ್ಲಿ ತೋರಿಸಿ, ಅಥವಾ ಮೂಲವನ್ನು ಹಾಗೇ ಇಟ್ಟು ಒಂದು ನಕಲಿನ ಆಡಿಯೊವನ್ನು ಮಾತ್ರ ಎಎಸಿಗೆ ಬದಲಿಸಿ ಕೊಡಿ. ಫರ್ಮ್‌ವೇರ್ ಹಾಕಿದ ಮೇಲೆ, ರೀಸೆಟ್ ಮಾಡಿದ ಮೇಲೆ ಆ ಟಿಕ್‌ಗಳನ್ನೆಲ್ಲ ಇನ್ನೊಮ್ಮೆ ನೋಡಬೇಕು, ಅವು ತವರಿಗೆ ಹೋಗಿರಬಹುದು.

ಎಲ್ಲ ಸರಿಹೋದ ಕ್ಯಾಮೆರಾ ಮೊದಲು ಸ್ಪಷ್ಟವಾಗಿ ದಾಖಲಿಸುವುದು ಏಣಿಯ ಮೇಲಿದ್ದವರು ಆ ಕ್ಯಾಮೆರಾವನ್ನೂ ಅದನ್ನು ತಂದವರನ್ನೂ ಬೈದ ಬೈಗುಳವನ್ನು. ಹಾರ್ಡ್ ಡಿಸ್ಕ್ ತುಂಬಿ ಹಳೆಯದರ ಮೇಲೆ ಹೊಸದು ಬರೆಯುವವರೆಗೆ ಅದು ಅಲ್ಲೇ ಇರುತ್ತದೆ, ದಿನಾಂಕ ಮತ್ತು ಸಮಯದ ಸಮೇತ.