ಅಮ್ಮ ಕೂತು ತಿಂದ ಮೀನು

ಹೋದ ತಿಂಗಳು ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಹಾಕಿದ್ದೆ. ಕುಚ್ಚಲಕ್ಕಿ ಅನ್ನ, ತಿಳಿಸಾರು, ಪಕ್ಕದಲ್ಲಿ ಕೆಂಪು ಮಸಾಲೆ ಹಚ್ಚಿದ ಸಾಲ್ಮನ್ ತುಂಡು. ಏರ್ ಫ್ರೈಯರಿನಿಂದ ಆಗಷ್ಟೇ ತೆಗೆದದ್ದು. ಐದೇ ನಿಮಿಷದಲ್ಲಿ ದೊಡ್ಡಪ್ಪನ ಉತ್ತರ ಬಂತು. "ಕಾವಲಿ ಕಾಣದ ಮೀನು ಎಂತ ಮೀನು ಮಾರಾಯ? ಡಬ್ಬಿಯೊಳಗೆ ಬೇಯ್ಸಿದ್ದಕ್ಕೆ ಎಂತ ರುಚಿ?" ಅದರ ಕೆಳಗೆ ಏಳೆಂಟು ಜನ ನಗುವ ಮುಖ ಒತ್ತಿದರು.

ನನಗೆ ಬೇಜಾರಾಯಿತು. ದೊಡ್ಡಪ್ಪ ಅಂದರೆ ನನಗೆ ತುಂಬಾ ಇಷ್ಟ. ಮೀನು ತಿನ್ನಲು ಕಲಿಸಿದವರೇ ಅವರು, ಬೈಗೆ ಮೀನಿನ ಮುಳ್ಳು ಒಂದೇ ಎಳೆತಕ್ಕೆ ತೆಗೆಯುವುದನ್ನು ಅವರ ಪಕ್ಕ ಕೂತು ಕಲಿತೆ. ಆದರೆ ಅವರು ಕಾವಲಿ ಮುಂದೆ ನಿಂತದ್ದನ್ನು ನಾನು ಒಂದು ದಿನವೂ ನೋಡಿಲ್ಲ.

ನಾನು ಕುಂದಾಪುರದ ಕಡೆಯವನು. ಹನ್ನೊಂದು ವರ್ಷದಿಂದ ಅಮೆರಿಕದ ಸಿಯಾಟಲ್ ಹತ್ತಿರ ಇದ್ದೇನೆ. ನಮಗೆ ಬಂಗುಡೆ ಹೇಗೋ ಇಲ್ಲಿಯವರಿಗೆ ಸಾಲ್ಮನ್ ಹಾಗೆ. ಮೇ ತಿಂಗಳ ನಡುವೆ ಅಲಾಸ್ಕಾದ ಕಾಪರ್ ನದಿಯ ಮೊದಲ ಮೀನು ವಿಮಾನದಲ್ಲಿ ಬಂದಿಳಿದರೆ ಅದು ಟಿವಿಯಲ್ಲಿ ಸುದ್ದಿಯಾಗುತ್ತದೆ. ಸಾಕೈ ಅಂತ ಒಂದು ಜಾತಿ, ಕಡುಕೆಂಪು, ಕೊಬ್ಬು ಕಡಿಮೆ. ಕಿಂಗ್ ಅಂತ ಇನ್ನೊಂದು, ಬೆಣ್ಣೆಯ ಹಾಗೆ. ಇವೆರಡೂ ಸಮುದ್ರದಿಂದ ಹಿಡಿದು ತಂದದ್ದು. ವರ್ಷವಿಡೀ ಅಂಗಡಿಯಲ್ಲಿ ಸಿಗುವ ಅಟ್ಲಾಂಟಿಕ್ ಸಾಲ್ಮನ್ ಮಾತ್ರ ಸಾಕಿದ್ದು. ಮುಂಬೈ, ಕಾರವಾರದ ಕಡೆ ರಾವಸ್ ಮೀನನ್ನು ಇಂಡಿಯನ್ ಸಾಲ್ಮನ್ ಅಂತ ಕರೆಯುತ್ತಾರಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಅದು ಬೇರೆಯೇ ಜಾತಿ.

ಬಂದ ಹೊಸದರಲ್ಲಿ ನಾನೂ ಕಾವಲಿಯಲ್ಲೇ ಹುರಿಯುತ್ತಿದ್ದೆ. ಮಸಾಲೆ ಕಾದು ಹೊಗೆ ಎದ್ದರೆ ಸಾಕು, ಅಲಾರಂ ಕಿರುಚುತ್ತಿತ್ತು. ಜನವರಿಯ ಚಳಿಯಲ್ಲಿ ಕಿಟಕಿ ತೆರೆದು, ಟವೆಲ್ ಬೀಸಿ ಹೊಗೆ ಓಡಿಸಬೇಕು. ಆಮೇಲೆ ಎರಡು ದಿನ ಮನೆಯ ಜಾಕೆಟ್ಟುಗಳೆಲ್ಲ ಮೀನು ಮೀನು. ಏರ್ ಫ್ರೈಯರ್ ತಂದದ್ದು ಅದಕ್ಕೇ, ಬೇರೆ ಯಾವ ಕಾರಣಕ್ಕೂ ಅಲ್ಲ.

ಹೆಸರಿನಲ್ಲಿ ಫ್ರೈಯರ್ ಅಂತಿದ್ದರೂ ಅದು ಏನನ್ನೂ ಎಣ್ಣೆಯಲ್ಲಿ ಹುರಿಯುವುದಿಲ್ಲ. ಮೇಲೆ ಕಾಯುವ ಸುರುಳಿ, ಅದರ ಮೇಲೊಂದು ಫ್ಯಾನು. ಬಿಸಿ ಗಾಳಿ ಚಿಕ್ಕ ಜಾಗದಲ್ಲಿ ಜೋರಾಗಿ ಸುತ್ತುತ್ತದೆ, ಅಷ್ಟೇ. ಫಿಲಿಪ್ಸ್ ಕಂಪನಿ 2010ರಲ್ಲಿ ಇದನ್ನು ಬರ್ಲಿನ್ನಿನ ಒಂದು ಪ್ರದರ್ಶನದಲ್ಲಿ ಮೊದಲು ತೋರಿಸಿತಂತೆ. ಸಾಲ್ಮನ್ನಿಗೆ ಇದು ಒಗ್ಗುತ್ತದೆ, ಯಾಕೆಂದರೆ ಆ ಮೀನಿನ ಮೈಯಲ್ಲೇ ಎಣ್ಣೆ ಇದೆ. ಕಾಣೆ ಮೀನಿಗೆ ರವೆ ಹಚ್ಚಿ ಇಟ್ಟು ನೋಡಿ, ಎಣ್ಣೆ ಸಾಕಾಗದೆ ರವೆ ಒಣಕಲಾಗಿ ಉದುರುತ್ತದೆ.

ನಾನು ಮಾಡುವುದು ಹೀಗೆ. ಒಂದಿಂಚು ದಪ್ಪದ ತುಂಡುಗಳನ್ನು ಉಪ್ಪು ನೀರಿನಲ್ಲಿ ಹತ್ತು ನಿಮಿಷ ಇಡುತ್ತೇನೆ. ಇಡದಿದ್ದರೆ ಬೇಯುವಾಗ ಮೊಟ್ಟೆಯ ಬಿಳಿಯಂಥದ್ದು ಜಾಸ್ತಿ ಉಕ್ಕಿ ಬಂದು ಮಸಾಲೆಯ ಮೇಲೆ ಗಟ್ಟಿಯಾಗುತ್ತದೆ. ಅದು ಮೀನಿನದೇ ಪ್ರೋಟೀನು, ತಿಂದರೆ ಏನೂ ಆಗುವುದಿಲ್ಲ, ನೋಡಲಿಕ್ಕೆ ಮಾತ್ರ ಚೆನ್ನಾಗಿಲ್ಲ. ಆಮೇಲೆ ಚೆನ್ನಾಗಿ ಒರೆಸಬೇಕು. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಬೆಳ್ಳುಳ್ಳಿ, ಹುಣಸೆ ಸೇರಿಸಿ ಗಟ್ಟಿಯಾಗಿ ಅರೆಯಬೇಕು. ನೀರು ಜಾಸ್ತಿಯಾದರೆ ಮಸಾಲೆಯೆಲ್ಲ ಬುಟ್ಟಿಯ ತೂತಿನಿಂದ ಕೆಳಗೆ ಸೋರಿ ಹೋಗುತ್ತದೆ. ಅದಕ್ಕೆ ಒಂದು ಚಮಚ ತೆಂಗಿನೆಣ್ಣೆ ಕಲಸಿ ಹಚ್ಚುತ್ತೇನೆ. ಚರ್ಮದ ಬದಿ ಕೆಳಗೆ, 200 ಡಿಗ್ರಿ ಸೆಲ್ಸಿಯಸ್, ಎಂಟು ನಿಮಿಷ. ಸಾಕೈ ಆದರೆ ಆರೇ ಸಾಕು. ಮೀನಿನ ಒಳಗೆ 63 ಡಿಗ್ರಿ ಬರಬೇಕು ಅಂತ ಇಲ್ಲಿಯ ಸರ್ಕಾರದವರು ಹೇಳುತ್ತಾರೆ. ಮಗುಚುವುದು ಬೇಡ, ಮುಂದೆ ನಿಲ್ಲುವುದೂ ಬೇಡ.

ಈ ನಿಲ್ಲುವುದು ಬೇಡ ಅನ್ನುವುದರ ಬೆಲೆ ನನಗೆ ಗೊತ್ತಾದದ್ದು ಹೋದ ವರ್ಷ, ಬೇಸಿಗೆಯಲ್ಲಿ ಅಮ್ಮ ಬಂದಾಗ.

ಬಂದ ಮೂರನೇ ವಾರ ಅವಳನ್ನು ಬ್ಯಾಲಾರ್ಡಿನ ಲಾಕ್ಸ್ ನೋಡಲು ಕರೆದುಕೊಂಡು ಹೋಗಿದ್ದೆ. ಸಮುದ್ರಕ್ಕೂ ಸರೋವರಕ್ಕೂ ನಡುವೆ ದೋಣಿಗಳನ್ನು ಏರಿಸಿ ಇಳಿಸುವ ಜಾಗ ಅದು, 1917ರಿಂದ ಇದೆ. ಪಕ್ಕದಲ್ಲೇ ಮೀನು ಹತ್ತಿ ಹೋಗಲು ನೀರಿನ ಮೆಟ್ಟಿಲು ಕಟ್ಟಿದ್ದಾರೆ. ನೆಲದಡಿಗೆ ಇಳಿದರೆ ಗಾಜಿನ ಕಿಟಕಿಯಲ್ಲಿ ಸಾಲ್ಮನ್ ಕಾಣುತ್ತದೆ. ಎದುರು ಹರಿಯುವ ನೀರಿಗೆ ಮೈಯೊಡ್ಡಿ, ಬಾಲ ಅಲ್ಲಾಡಿಸುತ್ತಾ ನಿಂತಲ್ಲೇ ನಿಂತಿರುತ್ತವೆ. ಹುಟ್ಟಿದ ಹೊಳೆಗೆ ವಾಪಸ್ಸು ಹೋಗಿ, ಮೊಟ್ಟೆ ಇಟ್ಟು, ಅಲ್ಲೇ ಸಾಯುತ್ತವೆ. ಅಮ್ಮ ಅರ್ಧ ಗಂಟೆ ಕಿಟಕಿ ಬಿಟ್ಟು ಕದಲಲಿಲ್ಲ. "ಇವುಗಳನ್ನೂ ಹಿಡಿತ್ರಾ?" ಅಂತ ಕೇಳಿದಳು. ಎಷ್ಟು ಮೀನು ದಾಟಿತು ಅಂತ ಎಣಿಸಿ, ಅದರ ಮೇಲೆ ಎಷ್ಟು ಹಿಡಿಯಬಹುದು ಅಂತ ಇಲ್ಲಿ ತೀರ್ಮಾನ ಮಾಡುತ್ತಾರೆ ಅಂದೆ. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವ ಹಾಗಿಲ್ಲವಲ್ಲ, ಅವಳಿಗೆ ಅದು ತಕ್ಷಣ ಅರ್ಥವಾಯಿತು.

ಆ ದಿನ ರಾತ್ರಿ ಸಾಕೈ ಮಾಡಿದೆ. ಮಸಾಲೆ ಹಚ್ಚಿ ಬುಟ್ಟಿಯನ್ನು ಒಳಗೆ ತಳ್ಳಿ ಬಂದು ಮೇಜಿನ ಮುಂದೆ ಕೂತೆ. ಅಮ್ಮನಿಗೆ ಕೂರಲು ಆಗಲಿಲ್ಲ. ಎದ್ದಳು. ಕೈ ಒರೆಸುತ್ತಾ ಡಬ್ಬಿಯ ಮುಂದೆ ನಿಂತಳು. "ಮಗಾ, ಮಗುಚುಕಿಲ್ಯಾ?" "ಬೇಡ ಅಮ್ಮಾ, ನೀ ಕೂಕೋ." ಕೂತಳು, ಒಂದು ನಿಮಿಷಕ್ಕೆ ಮತ್ತೆ ಎದ್ದಳು. ಆಮೇಲೆ ಗಂಟೆ ಹೊಡೆಯಿತು. ಐದು ತುಂಡೂ ಒಟ್ಟಿಗೆ ಬಂತು. ಅಪ್ಪಯ್ಯ, ನಾನು, ನನ್ನ ಹೆಂಡತಿ, ಮಗಳು, ಅಮ್ಮ ಒಂದೇ ಸಲ ತಟ್ಟೆಗೆ ಕೈ ಹಾಕಿದೆವು.

ಅಮ್ಮನ ಕೈ ನೇರ ಬಾಲದ ತುಂಡಿಗೆ ಹೋಯಿತು. ಬಾಲದ ಬದಿ ತೆಳು, ಬೇಗ ಬೆಂದು ಒಣಗಿರುತ್ತದೆ. ನಡುವಿನ ದಪ್ಪ ತುಂಡು ಇನ್ನೂ ಅಲ್ಲೇ ಇತ್ತು. "ಅದು ಬೇಡಮ್ಮ, ಇದು ತಗೋ" ಅಂದೆ. "ನಂಗೆ ಇದೇ ಸಾಕು" ಅಂದಳು. ನಾನು ಬಿಡಲಿಲ್ಲ, ದಪ್ಪ ತುಂಡನ್ನು ಅವಳ ತಟ್ಟೆಗೆ ಹಾಕಿದೆ. ಮುರಿದಾಗ ಒಳಗಿಂದ ಹಬೆ ಬಂತು. ಬಿಸಿ ಮೀನನ್ನು ಎಲ್ಲರ ಜೊತೆ ಕೂತು ಅಮ್ಮ ತಿಂದದ್ದನ್ನು ನಾನು ನನ್ನ ಆಯುಷ್ಯದಲ್ಲಿ ಮೊದಲ ಸಲ ನೋಡಿದೆ. ಆಗ ನನಗೆ ನಲವತ್ತೊಂದು ವರ್ಷ.

ಊರಿನ ಮನೆಯಲ್ಲಿ ಹೇಗಿತ್ತು ಅಂತ ಆಮೇಲೆ ನೆನಪು ಮಾಡಿಕೊಂಡೆ. ಕಾವಲಿಗೆ ಹಿಡಿಯುವುದು ಐದು ಬಂಗುಡೆ. ಮನೆಯಲ್ಲಿ ಒಂಬತ್ತು ಜನ. ಮೊದಲ ಸರ್ತಿಯದ್ದು ಗಂಡಸರಿಗೆ, ಎರಡನೆಯದು ಮಕ್ಕಳಿಗೆ. ಮೇ ತಿಂಗಳ ಮಧ್ಯಾಹ್ನ, ಹೆಂಚಿನ ಮಾಡು, ಒಲೆಯ ಶಾಖ. ಒಳಗಿಂದ ದೊಡ್ಡಪ್ಪ "ಇನ್ನೊಂದು ಬರ್ಲಿ, ಬಿಸಿ ಇಪ್ದ್" ಅಂತ ಕೂಗುವರು. ನಾನೂ ಕೂಗಿದ್ದೇನೆ. ಅಮ್ಮ, ದೊಡ್ಡಮ್ಮ ಉಣ್ಣಲು ಕೂರುವಾಗ ಎರಡು ಗಂಟೆ ದಾಟಿರುತ್ತಿತ್ತು, ಉಳಿದ ತಲೆ ಬಾಲ ತಣ್ಣಗಾಗಿರುತ್ತಿತ್ತು. ನಾವು ಕಾವಲಿಯ ರುಚಿ ಅನ್ನುತ್ತೇವಲ್ಲ, ಅದರಲ್ಲಿ ಅರ್ಧ ಯಾರೋ ಒಬ್ಬರು ನಿಂತು ಬೆವರಿದ್ದು. ಇದನ್ನು ಹೇಳಿದರೆ ಊರಿನವರಿಗೆ ಸಿಟ್ಟು ಬರುತ್ತದೆ. ಅಮೆರಿಕಕ್ಕೆ ಹೋಗಿ ಬದಲಾದ ಅನ್ನುತ್ತಾರೆ. ಬದಲಾಗಿದ್ದೇನೆ, ಹೌದು. ಇಷ್ಟು ವರ್ಷ ಕಾಣದ್ದು ಈಗ ಕಂಡಿತು. ಅಡುಗೆ ಮಾಡಿದವರು ಜೊತೆಗೆ ಕೂತು ಉಣ್ಣದ ಊಟವನ್ನು ಹೊಗಳಲು ಇನ್ನು ನನ್ನಿಂದ ಆಗುವುದಿಲ್ಲ.

ರುಚಿಯ ವಿಷಯಕ್ಕೆ ಬಂದರೆ ದೊಡ್ಡಪ್ಪ ಹೇಳಿದ್ದು ಪೂರ್ತಿ ಸುಳ್ಳಲ್ಲ. ಮಸಾಲೆ ಎಣ್ಣೆಯಲ್ಲಿ ಕರಿದು ಅಂಚು ಕಪ್ಪಾಗಿ ಗರಿಯಾಗುವುದು ಗಾಳಿಗೆ ಬರುವುದಿಲ್ಲ. ಕರಿಬೇವಿನ ಎಸಳು ಚಟಪಟ ಅನ್ನುವುದಿಲ್ಲ, ಬುಟ್ಟಿಗೆ ಹಾಕಿದರೆ ಗಾಳಿಗೆ ಹಾರಿ ಮೇಲಿನ ಸುರುಳಿಗೆ ತಾಗುತ್ತದೆ. ಅಷ್ಟು ಒಪ್ಪುತ್ತೇನೆ.

ಇನ್ನೊಂದೂ ಇದೆ. ಇದನ್ನು ಹೇಳಲು ಸ್ವಲ್ಪ ಕಷ್ಟವಾಗುತ್ತದೆ. ಅಮ್ಮ ವಾಪಸ್ಸು ಹೋಗುವ ಹಿಂದಿನ ದಿನ, ಊರಲ್ಲಿ ನಿನಗೆ ಒಂದು ದಿನವೂ ಒಳ್ಳೆ ತುಂಡು ಸಿಗಲಿಲ್ಲವಲ್ಲ ಅಂತ ಕೇಳಿದೆ. ಅವಳು ನಕ್ಕಳು. ಕೊನೆಗೆ ಬಿಸಿ ಕಾವಲಿಗೆ ಎರಡು ಹಿಡಿ ಅನ್ನ ಹಾಕಿ, ತಳಕ್ಕೆ ಹಿಡಿದ ಮಸಾಲೆಯನ್ನೆಲ್ಲ ಕೆರೆದು ಕಲಸಿ ಅವಳೂ ದೊಡ್ಡಮ್ಮನೂ ಅಡುಗೆಮನೆಯಲ್ಲೇ ಕೂತು ತಿನ್ನುತ್ತಿದ್ದರಂತೆ. ನಮಗ್ಯಾರಿಗೂ ಹೇಳುತ್ತಿರಲಿಲ್ಲವಂತೆ. "ಅದ್ರ ಮುಂದೆ ಮೀನು ಎಂತಕ್ಕೆ ಮಗಾ?" ಅಂದಳು.

ಆ ರಾತ್ರಿ ಏರ್ ಫ್ರೈಯರಿನ ಬುಟ್ಟಿ ತೊಳೆಯುವಾಗ ತಳದಲ್ಲಿ ನೋಡಿದೆ. ಸೋರಿದ ಎಣ್ಣೆ ಒಂದಿಷ್ಟಿತ್ತು, ಕೆರೆಯಲು ಮಸಾಲೆ ಏನೂ ಇರಲಿಲ್ಲ.